ನಿಮ್ಮ ಮಾತಿನಲ್ಲಿ ಹೇಳಿ

ಹಾಗೆ ಕೇಳಬಾರದಿತ್ತು ಎಂದು ಜಯಶೀಲನಿಗೆ ಅನಿಸಿದ್ದು ಕೇಳಿ ಮೂರು ಗಂಟೆಯಾದ ಮೇಲೆ, ಠಾಣೆಯ ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ವಾಶಿ ಗಾಡಿಗೆ ಕಾಯುತ್ತ ನಿಂತಾಗ. ಅದೂ ಪಶ್ಚಾತ್ತಾಪ ಅಂತೇನೂ ಅಲ್ಲ ಬಿಡಿ. ಚಪ್ಪಲಿಯೊಳಗೆ ಹೊಕ್ಕ ಮರಳಿನ ಹಾಗೆ ಒಂದು ಕಿರಿಕಿರಿ, ಅಷ್ಟೆ. ಬೆಳಿಗ್ಗೆ ಹತ್ತಕ್ಕೆ ನೌಪಾಡಾದ ಆಫೀಸಿನಿಂದ ಅವನು ಕಲ್ಯಾಣಿನ ಅಂಬಾರಾಯನಿಗೆ ಫೋನು ಮಾಡಿದ್ದ. ಅಂಬಾರಾಯ ಕಲಬುರಗಿ ಕಡೆಯವನು, ಯಾವುದೋ ಸೊಸೈಟಿಯ ವಾಚ್‌ಮನ್, ವಾರಕ್ಕೆ ಮೂರು ದಿನ ಡಯಾಲಿಸಿಸ್. ಹನ್ನೆರಡು ಗಂಟೆಗೆ ಅವನ ಸಂದರ್ಶನ ನಿಗದಿಯಾಗಿತ್ತು. ಫೋನು ಎತ್ತಿದ್ದು ಹೆಂಡತಿ ದಾನೇಶ್ವರಿ. ‘ಅವ್ರು ಮಂಗಳವಾರ ತೀರಿಕೊಂಡ್ರರೀ’ ಅಂದಳು. ‘ಅಯ್ಯೋ, ಹೌದಾ’ ಅಂದ ಜಯಶೀಲ, ಅಂದವನು ಉಸಿರು ಎಳೆದುಕೊಳ್ಳುವಷ್ಟೂ ಬಿಡುವು ಕೊಡದೆ ಕೇಳಿದ: ‘ನಿಮ್ಮ ಗುರುತಿನವರಲ್ಲಿ ಡಯಾಲಿಸಿಸ್ ಮಾಡಿಸ್ಕೊಳ್ಳುವ ಕನ್ನಡದವರು ಬೇರೆ ಯಾರಾದ್ರೂ ಇದ್ದಾರಾ?’ ಆ ಹೆಂಗಸು ಬೈಯಲಿಲ್ಲ. ನಿಜವಾಗಿಯೂ ಯೋಚನೆ ಮಾಡಿದಳು, ಮಾಡುವುದು ಫೋನಿನಲ್ಲಿ ಕೇಳಿಸಿತು. ‘ಇಲ್ರೀ ಸರ, ನಮ್ಮ ಪೈಕಿ ಇವರೊಬ್ಬರಿಗೇ ಇತ್ತು ನೋಡ್ರಿ ಇದು’ ಅಂದಳು, ತನ್ನದೇ ಏನೋ ತಪ್ಪಾಯಿತು ಎನ್ನುವ ದನಿಯಲ್ಲಿ. ‘ಯಾರರೆ ಸಿಕ್ರ ಹೇಳತೀನ್ರಿ.’ ಥೂ ನಿನ್ನ, ಎಂದು ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತು.

ಐವತ್ತೆರಡರ ಜಯಶೀಲ ನಡೆಸುವುದು ಅನುವಾದದ ದಂಧೆ. ದಂಧೆ ಎಂದು ಅವನೇ ಹೇಳುವುದು. ಕನ್ನಡ ಸಂಘದ ವೇದಿಕೆ ಹತ್ತಿದಾಗ ಮಾತ್ರ ಅದು ಭಾಷಾಸೇವೆ, ಹೆಗಲಿಗೊಂದು ಶಾಲು. ಒಂದು ಕಾಲಕ್ಕೆ ಹನ್ನೊಂದು ಭಾಷೆ, ಹದಿನಾಲ್ಕು ಜನ, ಗೋಡೆಯುದ್ದಕ್ಕೂ ಮೇಜು. ಈಗ ಮದುವೆ ಸರ್ಟಿಫಿಕೇಟಿನಿಂದ ಹಿಡಿದು ಮಿಕ್ಸಿಯ ಕೈಪಿಡಿಯವರೆಗೆ ಎಲ್ಲವನ್ನೂ ಕಂಪ್ಯೂಟರೇ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ತಿರುಗಿಸಿಕೊಡುತ್ತದೆ; ಉಳಿದವರು ಮೂವರು. ಯಂತ್ರಕ್ಕೆ ಬಾರದ ಕೆಲಸ ಒಂದೇ ಒಂದು ಉಳಿದಿತ್ತು, ಆಫೀಸಿನ ಪ್ರಾಣ ಅದರ ಮೇಲೆ ನಿಂತಿತ್ತು. ವಿದೇಶದ ಔಷಧ ಕಂಪನಿಗಳು ರೋಗಿಗಳಿಗೆ ಕೊಡುವ ಪ್ರಶ್ನಾವಳಿಯನ್ನು ಕನ್ನಡ ಮಾಡಿದರೆ ಸಾಲದು. ಆ ಕಾಯಿಲೆ ಇರುವ ಐದು ಮಂದಿ ಕನ್ನಡದವರ ಮುಂದೆ ಕೂತು, ಒಂದೊಂದೇ ವಾಕ್ಯ ಓದಿ, ‘ಇದರ ಅರ್ಥ ಏನು, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳಬೇಕು. ಉತ್ತರ ಬೇಡ, ಅರ್ಥ ಬೇಕು. ನೋವು ಇದೆಯೋ ಇಲ್ಲವೋ ಎಂಬುದು ಕಂಪನಿಗೆ ಬೇಕಾಗಿಲ್ಲ, ನೋವು ಎಂದು ಬರೆದದ್ದು ತಿಳಿಯಿತೋ ಇಲ್ಲವೋ ಎಂಬುದಷ್ಟೇ ಬೇಕು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು, ತಲೆಯಾಡಿಸಬಾರದು, ಸಮಾಧಾನ ಹೇಳಬಾರದು. ನಾಲ್ವರದ್ದು ಮುಗಿದಿತ್ತು. ಐದನೆಯವನು ಮಂಗಳವಾರ ಕೈಕೊಟ್ಟಿದ್ದ. ವರದಿ ಇವತ್ತು, ಗುರುವಾರ, ಸಂಜೆ ಆರಕ್ಕೆ ಹೋಗಬೇಕು. ಎರಡು ಸಲ ಗಡುವು ಮುಂದೂಡಿಸಿಕೊಂಡಾಗಿತ್ತು, ಮೂರನೇ ಸಲ ತಪ್ಪಿದರೆ ಮುಂದಿನ ಕೆಲಸವೆಲ್ಲ ಹೈದರಾಬಾದಿನವರಿಗೆ ಎಂದು ಕಂಪನಿಯವರು ಸ್ಪಷ್ಟವಾಗಿ ಬರೆದಿದ್ದರು. ಆ ಕೆಲಸ ಹೋದರೆ ಆಫೀಸಿಗೆ ಬೀಗ.

‘ಸರ್, ಆಪ್‌ಕೀ ದೀದಿ ಹೈ ನಾ, ಸಾನಪಾಡಾವಾಲೀ?’ ಅಂದವಳು ನಿಶಾ, ಸಾನಪಾಡಾದಲ್ಲಿ ನಿಮ್ಮ ಅಕ್ಕ ಇದ್ದಾರಲ್ಲ ಎಂದು. ಡೊಂಬಿವಲಿಯಲ್ಲೇ ಹುಟ್ಟಿದ ಉಡುಪಿಯವರ ಹುಡುಗಿ, ಆಫೀಸಿನ ಎಲ್ಲ ಕೆಲಸಕ್ಕೂ ಅವಳೇ. ಕನ್ನಡ ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ‘ಸಂಬಂಧಿಕರು ಆಗುವುದಿಲ್ಲ, ರೂಲ್ ಉಂಟು’ ಅಂದ ಜಯಶೀಲ. ಪ್ರತಿ ಸಂದರ್ಶನದ ಕೊನೆಗೆ ಒಂದು ಘೋಷಣಾಪತ್ರ ಇರುತ್ತದೆ, ಸಂದರ್ಶಕರಿಗೂ ನನಗೂ ಯಾವುದೇ ಸಂಬಂಧವಿಲ್ಲ ಎಂದು. ಅದಕ್ಕೆ ರೋಗಿಯ ಸಹಿ, ಒಬ್ಬ ಸಾಕ್ಷಿಯ ಸಹಿ. ‘ಸರ್‌ನೇಮ್ ತೋ ಅಲಗ್ ಹೈ ನಾ ಸರ್’ ಅಂದಳು ನಿಶಾ, ಕಂಪ್ಯೂಟರಿನಿಂದ ಕಣ್ಣು ಕೀಳದೆ, ಅಡ್ಡಹೆಸರು ಬೇರೆ ತಾನೇ ಎಂದು. ಎಷ್ಟು ಸಲೀಸಾಗಿ ಅಂದುಬಿಟ್ಟಳು! ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ದಾನೇಶ್ವರಿಯ ಫೋನು ಇಡುವ ಮೊದಲೇ ಅದು ಅವನಿಗೂ ಹೊಳೆದಿತ್ತು. ಬೇರೆಯವರ ಬಾಯಿಂದ ಬರಲಿ ಎಂದು ಕಾದುಕೊಂಡಿದ್ದ. ಅಕ್ಕನಿಗೆ ಫೋನು ಮಾಡದೆ ಎಂಟು ತಿಂಗಳು. ಆದರೆ ಗುರುವಾರ ಹನ್ನೆರಡರಿಂದ ನಾಲ್ಕರವರೆಗೆ ಅವಳು ಡಯಾಲಿಸಿಸ್ ಮಷೀನಿಗೆ ಕಟ್ಟಿಸಿಕೊಂಡು ಮಲಗಿರುತ್ತಾಳೆ ಎನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು. ಮನೆಗೆ ಹೋದರೆ ಎದ್ದು ಒಳಗೆ ನಡೆದುಬಿಟ್ಟಾಳು. ಅಲ್ಲಿಂದ ಎದ್ದು ಎಲ್ಲಿಗೆ ಹೋಗುತ್ತಾಳೆ? ಹೀಗೂ ಯೋಚಿಸಿದ, ಮಹಾನುಭಾವ.

ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಎದುರಿನ ಸೀಟಿನಲ್ಲಿ ಒಬ್ಬಳು ಮೊಬೈಲಿಗೆ ಬಂದ ಯಾವುದೋ ಮೆಸೇಜನ್ನು ಪಕ್ಕದ ಮುದುಕಿಗೆ ಮರಾಠಿಯಲ್ಲಿ ಓದಿ ಹೇಳುತ್ತಿದ್ದಳು, ಮೊದಲು ತಾನೊಮ್ಮೆ ಮನಸ್ಸಿನಲ್ಲಿ ಓದಿಕೊಂಡು. ಅಕ್ಕ ರತ್ನಾವತಿಯೂ ಹಾಗೇ ಓದುತ್ತಿದ್ದಳು. ಡೊಂಬಿವಲಿಯ ಚಾಳಿನಲ್ಲಿ, ಅವಳ ಗಂಡ, ಭಾವ ಭುಜಂಗ, ಹೋಟೆಲಿನ ಗಲ್ಲಾದಲ್ಲಿ ಕೂರಲು ಹೋದ ಮೇಲೆ, ಊರಿನ ಹೆಂಗಸರು ಇನ್‌ಲ್ಯಾಂಡ್ ಲೆಟರು ಹಿಡಿದು ಬಂದು ಹೊಸ್ತಿಲಲ್ಲಿ ಕೂರುವರು. ಕಾಗದ ಕನ್ನಡದಲ್ಲಿ, ಅವರಿಗೆ ಬರುವುದು ತುಳು. ಏಳನೇ ಕ್ಲಾಸು ಮುಗಿಸಿದವಳು ರತ್ನಾವತಿ ಒಬ್ಬಳೇ. ಕಾಗದದಲ್ಲಿ ಸಾವಿನ ಸುದ್ದಿ ಇದ್ದರೆ, ದನ ಕರು ಹಾಕಿದ್ದು, ಗದ್ದೆ ನಾಟಿಯಾದದ್ದು, ಯಾರಿಗೋ ಹುಡುಗಿ ನೋಡಿದ್ದು ಎಲ್ಲ ಹೇಳಿ, ಚಾ ಕುಡಿಸಿ, ಲೋಟ ತೊಳೆದಿಟ್ಟು, ಕೊನೆಗೆ ಪಕ್ಕದಲ್ಲಿ ಕೂತು ಅದನ್ನು ಹೇಳುವಳು. ಹದಿನಾರರ ಜಯಶೀಲ ಮೂಲೆಯಲ್ಲಿ ರಾತ್ರಿಶಾಲೆಯ ಪುಸ್ತಕ ಹಿಡಿದು ಕೇಳುತ್ತಿದ್ದ. ಆ ಖೋಲಿಯಲ್ಲಿ ಇದ್ದದ್ದು ಒಂದೇ ಮಂಚ. ಆರು ವರ್ಷ ಅದರ ಮೇಲೆ ಮಲಗಿದವನು ಅವನು. ಅಕ್ಕ, ಭಾವ ಕೆಳಗೆ. ಓದುವ ಹುಡುಗನಿಗೆ ನೆಲದ ಥಂಡಿ ಆಗುವುದಿಲ್ಲವಂತೆ. ಗಾಡಿ ಐರೋಲಿ ದಾಟಿತು.

ಅಕ್ಕನ ಎರಡೂ ಕಿಡ್ನಿ ಹೋದದ್ದು ನಾಲ್ಕು ವರ್ಷದ ಹಿಂದೆ. ಭಾವನಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಅಂದರು. ಮಗ ಸುಜನನದು ಬೇಡವೇ ಬೇಡ ಎಂದು ಅವಳೇ ಹಠ ಹಿಡಿದಳು. ಉಳಿದವನು ತಮ್ಮ. ರಕ್ತ ಹೊಂದಿತು, ಒಂದೊಂದು ಟೆಸ್ಟೂ ಹೊಂದುತ್ತ ಹೋಯಿತು. ಬೇರೆಯವರು ದಾನಿಗಳ ಒಪ್ಪಿಗೆಪತ್ರಕ್ಕೆ ಓದದೆ ಸಹಿ ಹಾಕುತ್ತಾರೆ, ಪುಣ್ಯವಂತರು. ಇವನು ಅದನ್ನು ಹಿಂದೊಮ್ಮೆ ಯಾವುದೋ ಆಸ್ಪತ್ರೆಗಾಗಿ ಕನ್ನಡ ಮಾಡಿದ್ದ. ‘ಅಪರೂಪದ ಸಂದರ್ಭಗಳಲ್ಲಿ ದಾನಿಯು ಮರಣ ಹೊಂದಬಹುದು.’ ಮರಣವೋ ಸಾವೋ ಎಂದು ಅರ್ಧ ದಿನ ತೂಗಿ ನೋಡಿ ಬರೆದಿದ್ದ ವಾಕ್ಯ; ಈಗ ಅದು ಅವನ ಹೆಸರು ಹಿಡಿದು ಕರೆಯುತ್ತಿತ್ತು. ಹೆದರಿದ. ನನಗೆ ಹೆದರಿಕೆ ಆಗ್ತದೆ ಅಕ್ಕ, ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲು ನಾಚಿಕೆ. ಅದಕ್ಕೆ ಏನು ಮಾಡಿದ ಅನ್ನುತ್ತೀರಿ? ತನ್ನ ಕಸುಬನ್ನೇ ಮಾಡಿದ. ಹದಿನೈದರ ವಯಸ್ಸಿನಲ್ಲಿ ಈತನಿಗೆ ಮೂತ್ರಪಿಂಡದ ಊತವಾಗಿ ಮೂರು ತಿಂಗಳು ಮದ್ದು ನಡೆದಿತ್ತೆಂದು ಊರಿನ ಡಾಕ್ಟರು, ಈಗ ತೀರಿಹೋದವರು, ಕನ್ನಡದಲ್ಲಿ ಬರೆದುಕೊಟ್ಟ ಪತ್ರದ ಇಂಗ್ಲಿಷ್ ಅನುವಾದ ತಯಾರಿಸಿ ಅದಕ್ಕೆ ತನ್ನ ಆಫೀಸಿನ ಮೊಹರು ಒತ್ತಿದ: ಮೂಲಕ್ಕೆ ಸರಿಯಾದ ಅನುವಾದ ಎಂದು ದೃಢೀಕರಿಸಲಾಗಿದೆ. ಮೂಲ ಎಂಬುದು ಇರಲೇ ಇಲ್ಲ. ಆಸ್ಪತ್ರೆಯವರು ಮೊಹರು ನೋಡಿದರು, ಇಂಥವರ ಕಿಡ್ನಿ ಬೇಡ ಅಂದರು, ಫೈಲು ಮುಚ್ಚಿತು. ಅಕ್ಕ ಒಮ್ಮೆ ಮಾತ್ರ ಕೇಳಿದ್ದಳು, ಆ ಕನ್ನಡದ ಕಾಗದ ಎಲ್ಲುಂಟು ಎಂದು. ಊರಿನ ಮನೆಯಲ್ಲಿ, ಟ್ರಂಕಿನಲ್ಲಿ ಎಂದಿದ್ದ. ಎರಡು ವರ್ಷದ ಹಿಂದೆ ಭಾವ ಹೋದ. ಗೊತ್ತಿದ್ದವರು, ಅಥವಾ ಗೊತ್ತಾಗಬಹುದಾಗಿದ್ದವರು, ಒಬ್ಬರು ಕಡಿಮೆಯಾದರು ಎಂದು ಇವನಿಗೆ ಅನಿಸಿತ್ತು. ಅನಿಸಿದ್ದಕ್ಕೆ ತಾನೇ ಬೆಚ್ಚಿಬಿದ್ದಿದ್ದ ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು.

ಸಾನಪಾಡಾದ ಸೆಂಟರು ಒಂದು ಹಳೇ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಎಂಟು ಮಂಚ, ಎಂಟು ಮಷೀನು. ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಟೆಕ್ನಿಷಿಯನ್ ಹುಡುಗಿ ಬಂದಳು, ಎದೆಯ ಮೇಲೆ ಶ್ರದ್ಧಾ ಎಂದು ಹೆಸರಿನ ಪಟ್ಟಿ. ಅವಳು ಇನ್ನೂ ಏನೂ ಕೇಳಿರಲಿಲ್ಲ. ‘ಮೀ ಕಂಪನೀಕಡೂನ್ ಆಲೋಯ್’ ಅಂದುಬಿಟ್ಟ ಜಯಶೀಲ, ಕಂಪನಿ ಕಡೆಯಿಂದ ಬಂದಿದ್ದೇನೆ, ಅರ್ಧ ಗಂಟೆ ಸಾಕು. ಕಿಟಕಿಯ ಪಕ್ಕದ ಮಂಚದಲ್ಲಿ ರತ್ನಾವತಿ ಮಲಗಿದ್ದಳು. ಇಷ್ಟು ಕುಗ್ಗಿದ್ದಾಳೆಯೇ? ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿತ್ತು, ಎಡಗೈ ಹೊದಿಕೆಯಾಚೆ ಚಾಚಿತ್ತು, ಅದರಲ್ಲಿ ಎರಡು ನಳಿಕೆ, ಒಂದರಲ್ಲಿ ರಕ್ತ ಹೋಗುತ್ತಿತ್ತು, ಇನ್ನೊಂದರಲ್ಲಿ ಬರುತ್ತಿತ್ತು. ಕಣ್ಣು ಮಾತ್ರ ಹಳೆಯದೇ. ‘ದಾಯೆ ಬತ್ತ?’ ಎಂದು ಕೇಳಿದಳು ತುಳುವಿನಲ್ಲಿ. ಯಾಕೆ ಬಂದೆ. ಹೇಗಿದ್ದೀ, ಕೂತುಕೋ, ಒಂದೂ ಇಲ್ಲ. ಅವನು ತುಳುವಿನಲ್ಲೇ ಹೇಳಿದ, ಎಲ್ಲ ಹೇಳಿದ, ಆಫೀಸಿನ ಗತಿ, ಆರು ಗಂಟೆಯ ಗಡುವು, ಅಂಬಾರಾಯ ಸತ್ತದ್ದು, ಹನ್ನೆರಡು ವಾಕ್ಯ, ಕೊನೆಗೊಂದು ಸಹಿ. ಯಾವುದಕ್ಕೆ ಸಹಿ ಎಂದು ಹೇಳಲಿಲ್ಲ.

ಅವಳು ಚಾವಣಿ ನೋಡುತ್ತ ಕೇಳಿಸಿಕೊಂಡಳು. ‘ಕನ್ನಡದಲ್ಲೇ ಆಗ್ಬೇಕಾ?’ ಅಂದಳು, ಕನ್ನಡದಲ್ಲಿ.

‘ಹೌದು.’

‘ಹಾಗಾದ್ರೆ ಶುರು ಮಾಡಿ ನೀವು.’

ನೀವು! ಅಕ್ಕ ತಮ್ಮ ಇಬ್ಬರೂ ಜನ್ಮದಲ್ಲಿ ಒಬ್ಬರಿಗೊಬ್ಬರು ಕನ್ನಡ ಆಡಿದವರಲ್ಲ. ಜಗಳ, ಹರಕೆ, ಬೈಗುಳ, ಅಪ್ಪ ಸತ್ತ ಸುದ್ದಿ, ಎಲ್ಲ ತುಳುವಿನಲ್ಲೇ ಆದದ್ದು. ಕನ್ನಡ ಎಂದರೆ ಕಾಗದದ್ದು, ಮೇಷ್ಟ್ರದ್ದು, ಹೊರಗಿನವರ ಎದುರು ಬಾಯಿ ತೊಳೆದುಕೊಂಡು ಆಡುವುದು. ಅವಳ ಸಂದರ್ಶನದ ನಮೂನೆಯಲ್ಲಿ ಮಾತೃಭಾಷೆ ಎಂದಿದ್ದ ಕಡೆ ಕನ್ನಡ ಎಂದು ಬರೆಯುವಾಗ ಅವನ ಕೈ ತಡವರಿಸಿರಲಿಲ್ಲ. ಈಗ ಅವಳ ಬಾಯಲ್ಲಿ ಅದನ್ನು ಕೇಳಿದಾಗ, ಯಾರೋ ಮನೆಯೊಳಗಿನಿಂದ ಅವನನ್ನು ಜಗಲಿಗೆ ತಂದು ಕೂರಿಸಿ ಬಾಗಿಲು ಹಾಕಿಕೊಂಡ ಹಾಗಾಯಿತು. ಅವಮಾನವಾಯಿತು. ಆದರೂ ಮೊದಲ ವಾಕ್ಯ ಓದಿದ.

‘ಕಳೆದ ಒಂದು ವಾರದಲ್ಲಿ ನನಗೆ ಬಾಯಾರಿಕೆಯಿಂದ ತೊಂದರೆಯಾಗಿದೆ. ಇದರ ಅರ್ಥ ಏನು, ನಿಮ್ಮ ಮಾತಿನಲ್ಲಿ ಹೇಳಿ.’

‘ಪಕ್ಕದ ಮನೆಯವರು ನಲ್ಲಿ ತಿರುಗಿಸಿದ ಶಬ್ದ ಕೇಳಿದ್ರೆ ನನಗೆ ಅಳು ಬರ್ತದೆ ಅಂತ.’

‘ಅದು ಉತ್ತರ ಆಯ್ತು. ನನಗೆ ಅರ್ಥ ಬೇಕು.’

‘ಅರ್ಥವೇ ಅದು ಮಾರಾಯ್ರೆ. ದಿನಕ್ಕೆ ಮೂರು ಲೋಟ ನೀರು ಅಳೆದು ಕುಡಿಯುವವಳಿಗೆ ಬೇರೆ ಅರ್ಥ ಎಲ್ಲಿಂದ ಬರುದು? ಬರ್ಕೊಳ್ಳಿ.’

ಬರೆದುಕೊಂಡ. ಹಿಂದಿನ ನಾಲ್ವರು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಉತ್ತರಿಸಿದ್ದರು, ‘ಸರಿಯಾಯ್ತಾ ಸರ್?’ ಎಂದು ಪ್ರತಿ ಸಲವೂ ಕೇಳಿದ್ದರು. ಸರಿ ತಪ್ಪು ಏನಿಲ್ಲ ಎನ್ನುವಾಗ ಅವನಿಗೆ ಒಂಥರಾ ಸುಖವಾಗಿತ್ತು. ಇವಳು ಕೇಳುವುದಿಲ್ಲ. ತುರಿಕೆಯ ಬಗ್ಗೆ, ನಿದ್ದೆಯ ಬಗ್ಗೆ, ಉಪ್ಪಿಲ್ಲದ ಊಟದ ಬಗ್ಗೆ ಒಂದೊಂದೇ ವಾಕ್ಯ ಓದಿದ ಹಾಗೆ ಪಟಪಟನೆ ಹೇಳುತ್ತ ಹೋದಳು, ಅವನ ಪೆನ್ನು ಹಿಂದೆ ಬೀಳುವಷ್ಟು ಬೇಗ. ಒಳ್ಳೇ ರೋಗಿ ಸಿಕ್ಕಿದಳು ಎಂದು ಖುಷಿಯಾಗತೊಡಗಿತು. ಖುಷಿಯಾದದ್ದಕ್ಕೆ ಅಸಹ್ಯವೂ ಆಯಿತು, ಆದರೆ ಖುಷಿ ಮೊದಲು. ಏಳನೆಯದಕ್ಕೆ ಬಂದಾಗ ಮಾತ್ರ ಅವಳು ನಿಂತಳು.

‘ನಾನು ಇತರರಿಗೆ ಹೊರೆಯಾಗಿದ್ದೇನೆ ಎಂದು ನನಗೆ ಅನಿಸಿದೆ.’

‘ಇದನ್ನು ಬರೆದವರಿಗೆ ಕಾಯಿಲೆ ಇಲ್ಲ’ ಅಂದಳು ರತ್ನಾವತಿ.

‘ಯಾಕೆ?’

‘ಹೊರೆ ಅಂತ ಅನಿಸುದು ಹೊತ್ತವರಿಗೆ. ನಮಗೆ ಗೊತ್ತಾಗುದು ಬೇರೆ ರೀತಿ. ಸುಜನ್ ಆಫೀಸಿಂದ ಬಂದು ಚಾವಿ ತಿರುಗಿಸ್ತಾನಲ್ಲ, ಮೊದಲು ಒಂದೇ ಸಲಕ್ಕೆ ತಿರುಗಿಸ್ತಿದ್ದ. ಈಗ ಚಾವಿ ಹಾಕಿ ಸ್ವಲ್ಪ ಹೊತ್ತು ಹೊರಗೇ ನಿಲ್ತಾನೆ. ಅಷ್ಟು ಹೊತ್ತು ನಾನು ಒಳಗೆ ಉಸಿರು ಹಿಡ್ಕೊಳ್ತೇನೆ. ಅದಕ್ಕೆ ನಿಮ್ಮ ಇಂಗ್ಲಿಷಿನಲ್ಲಿ ಏನು ಹೇಳ್ತಾರೆ ನನಗೆ ಗೊತ್ತಿಲ್ಲ.’

ತಲೆಯಾಡಿಸಬಾರದು, ಸಮಾಧಾನ ಹೇಳಬಾರದು. ರೂಲು ಇದ್ದದ್ದು ಒಳ್ಳೆಯದಾಯಿತು. ಮುಂದಿನ ಮೂರನ್ನು ಓದಿದ, ಹನ್ನೊಂದನೆಯದು ಓದಿದ: ‘ನನ್ನ ಕಾಯಿಲೆಯಿಂದಾಗಿ ಹತ್ತಿರದವರು ನನ್ನಿಂದ ದೂರವಾಗಿದ್ದಾರೆ.’

ಅವಳು ನಕ್ಕಳು. ‘ಇದು ಸುಲಭ ಉಂಟು. ಜ್ವರ ಬಂದ್ರೆ ಮೂಸಂಬಿ ಹಿಡ್ಕೊಂಡು ಬರುವವರು ಕಿಡ್ನಿ ಹೋದ್ರೆ ಫೋನು ಎತ್ತುದಿಲ್ಲ. ಗಂಡನ ಬೊಜ್ಜದ ಊಟಕ್ಕೆ ಬಂದವರು ಎಲೆ ಮುಂದಿನಿಂದ ಎದ್ದು ಕೈ ತೊಳೆದವರೇ, ಗಾಡಿ ಉಂಟು ಅಂತ ಹೊರಡ್ತಾರೆ. ಹತ್ತಿರದವರು ಅಂದ್ರೆ ಯಾರು ಅಂತ ಸಹ ಹೇಳ್ಬೇಕಾ?’

‘ಬೇಡ.’

‘ಬೇಡ ಅಂತ ರೂಲಾ, ನಿಮಗೆ ಬೇಡವಾ?’

‘ಅಕ್ಕ, ಅಂಚ ಅತ್ತ್...’ ಎಂದು ತುಳು ಬಾಯಿಗೆ ಬಂತು. ಹಾಗಲ್ಲ ಅಕ್ಕ. ‘ಕನ್ನಡ, ಕನ್ನಡ’ ಅಂದಳು ರತ್ನಾವತಿ, ಬಲಗೈಯ ಬೆರಳಿನಿಂದ ಮಂಚದ ಕಂಬಿ ತಟ್ಟಿ. ‘ಕಂಪನಿಯವರಿಗೆ ತುಳು ಗೊತ್ತಿಲ್ಲ.’ ಪಕ್ಕದ ಮಂಚದ ಮುದುಕ ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿಕೊಂಡ. ಭಾವನ ಉತ್ತರಕ್ರಿಯೆಯ, ಆ ಬೊಜ್ಜದ ದಿನ ಅವನು ಹೊರಟದ್ದು ಎರಡೂವರೆಗೆ. ಗಾಡಿಯೇನೂ ಇರಲಿಲ್ಲ, ಸ್ಟೇಷನ್ನಿನ ಬೆಂಚಿನಲ್ಲಿ ಮುಕ್ಕಾಲು ಗಂಟೆ ಕೂತು ಬೆವರು ಒರೆಸಿಕೊಂಡಿದ್ದ. ಅಕ್ಕನ ಪಕ್ಕದಲ್ಲಿ ಕೂತರೆ ಅವಳು ಕೇಳಿಯೇ ಬಿಡುತ್ತಾಳೆ ಎಂದು ಅವನಿಗೆ ಯಾವಾಗಲೂ ಅನಿಸುತ್ತಿತ್ತು. ಕೇಳಿರಲಿಲ್ಲ. ಟ್ರಂಕಿನ ಮಾತಾದ ಮೇಲೆ ನಾಲ್ಕು ವರ್ಷ ಕೇಳಿರಲಿಲ್ಲ, ಅವಳಿಗೆ ಗೊತ್ತಿಲ್ಲ ಎಂದೇ ನಂಬಿಕೊಂಡಿದ್ದ. ಇನ್ನು ಒಂದೇ ವಾಕ್ಯ ಉಳಿದಿತ್ತು. ನಾಲ್ವರ ಮುಂದೆ ಅದನ್ನು ಓದುವಾಗ ಅವನಿಗೆ ಏನೂ ಅನಿಸಿರಲಿಲ್ಲ.

‘ನನ್ನ ಚಿಕಿತ್ಸೆಯ ಬಗ್ಗೆ ನನಗೆ ಪೂರ್ಣ ಮಾಹಿತಿ ನೀಡಲಾಗಿದೆ.’

ರತ್ನಾವತಿ ಅವನ ಕಡೆ ತಿರುಗಿದಳು, ಎಡಗೈ ಅಲುಗದ ಹಾಗೆ, ಕತ್ತು ಮಾತ್ರ. ‘ಅಂದ್ರೆ, ಒಂದು ಇಂಗ್ಲಿಷ್ ಕಾಗದ ತೋರಿಸಿ, ಇದು ಕನ್ನಡದಲ್ಲಿ ಇದ್ದದ್ದು ಅಂತ ಹೇಳಿ, ಕನ್ನಡದ್ದು ಎಲ್ಲಿ ಅಂತ ಕೇಳಿದ್ರೆ ಟ್ರಂಕಿನಲ್ಲಿ ಉಂಟು ಅಂತ ಹೇಳುದು. ಹಾಗೆ ಮಾಡಿದ್ರೆ ಮಾಹಿತಿ ಪೂರ್ಣ ಕೊಟ್ಟ ಹಾಗೆ ಆಗುದಿಲ್ಲ ಅಂತ. ಬರೀರಿ. ಹೇಳಿದ ಹಾಗೇ ಬರೀಬೇಕಲ್ಲ?’

ಅವನು ಬರೆದ. ನಂಬಿ, ಪೂರ್ತಿ ಬರೆದ, ಟ್ರಂಕು ಸಹ.

‘ನಮ್ಮ ಊರಿನ ಡಾಕ್ಟ್ರು ಸೇನಾಪತಿ ತರದ ಮನುಷ್ಯ. ಕನ್ನಡದಲ್ಲಿ ಒಂದಕ್ಷರ ಬರೆದವರಲ್ಲ, ಮದ್ದಿನ ಚೀಟಿಯಿಂದ ಹಿಡಿದು ಶಾಲೆಯ ರಜೆ ಚೀಟಿವರೆಗೆ ಎಲ್ಲ ಇಂಗ್ಲಿಷೇ. ಅಪ್ಪನನ್ನು ಅವರ ಹತ್ರ ಕರ್ಕೊಂಡು ಹೋಗ್ತಿದ್ದದ್ದು ನಾನು, ನೀವಲ್ಲ. ಇಂಗ್ಲಿಷಿನಲ್ಲೇ ಒಂದು ಕಾಗದ ಮಾಡಿದ್ರೆ ನಾನು ಸಹ ನಂಬ್ತಿದ್ದೆನೋ ಏನೋ. ನಿಮಗೆ ಅನುವಾದ ಮಾಡದೆ ಇರ್ಲಿಕ್ಕೆ ಆಗುದಿಲ್ಲ. ನನ್ನ ಗಂಡ ಆಸ್ಪತ್ರೆಗೆ ಹೋಗಿ ಕೇಳಿಯೇ ಬರ್ತೇನೆ ಅಂತ ಹೊರಟಿದ್ರು, ಚಪ್ಪಲಿ ಹಾಕಿ ಆಗಿತ್ತು. ಕನ್ನಡದ ಕಾಗದ ಉಂಟು, ನಾನು ಕಣ್ಣಾರೆ ನೋಡಿದ್ದೇನೆ ಅಂತ ಹೇಳಿ ಕೂರಿಸಿದೆ. ಸಾಯುವವರೆಗೆ ಅವರು ಹಾಗೇ ತಿಳ್ಕೊಂಡಿದ್ರು. ಇದು ಬರೀಬೇಡಿ, ಇದು ನಿಮ್ಮ ಪ್ರಶ್ನೆಗೆ ಸೇರಿದ್ದಲ್ಲ.’

‘ಯಾಕೆ ಹೇಳಿದೆ ಹಾಗೆ?’ ಎಂದ, ಪೆನ್ನು ಕಾಗದದಿಂದ ಎತ್ತಿ.

‘ಪ್ರೀತಿಗೆ ಅಂತ ತಿಳ್ಕೊಳ್ಬೇಡಿ. ಹೆದರಿ ಸುಳ್ಳು ಹೇಳಿದವನ ಕಿಡ್ನಿ ಹೊಟ್ಟೆಯಲ್ಲಿ ಇಟ್ಕೊಂಡು, ಸಾಯುವವರೆಗೆ ಅವನ ಮುಖ ನೋಡಿ ನಗಾಡ್ಬೇಕಾ ನಾನು? ಈ ಮಷೀನು ನೋಡಿ, ನಾಲ್ಕು ಗಂಟೆ ಕೆಲಸ ಮಾಡ್ತದೆ, ಆಮೇಲೆ ನನ್ನನ್ನು ತಿರುಗಿ ಸಹ ನೋಡುದಿಲ್ಲ. ಅದರ ಉಪಕಾರ ಹೊರ್ಬೇಕಂತ ಇಲ್ಲ.’

ಜಯಶೀಲನಿಗೆ ಮೊದಲು ಆದದ್ದು ಸಮಾಧಾನ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲವಲ್ಲ, ಇನ್ನು ಹೇಳುವುದೂ ಇಲ್ಲ. ಅದರ ಹಿಂದೆಯೇ ಸಿಟ್ಟು ಬಂತು: ಗೊತ್ತಿದ್ದೂ ಗೊತ್ತಿಲ್ಲದ ಹಾಗಿದ್ದು ನಾಲ್ಕು ವರ್ಷ ತನ್ನನ್ನು ಬೇಯಿಸಿದಳಲ್ಲ, ಹಬ್ಬಕ್ಕೆ ಹೋದಾಗೆಲ್ಲ ಒಂದು ಸೌಟು ಪಾಯಸ ಹೆಚ್ಚಿಗೆ ಹಾಕಿದಳಲ್ಲ! ನಾಚಿಕೆ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಬಂದು ಮೂಲೆಯಲ್ಲಿ ನಿಂತುಕೊಂಡಿತು. ಗಡಿಯಾರ ನೋಡಿದ. ಮೂರಕ್ಕೆ ಹತ್ತು ನಿಮಿಷ. ಘೋಷಣಾಪತ್ರವನ್ನು ಸಹಿಯ ಜಾಗ ಮಾತ್ರ ಕಾಣುವ ಹಾಗೆ ಮಡಚಿ ಪ್ಯಾಡಿನ ಮೇಲಿಟ್ಟು ಅವಳ ಬಲಗೈಗೆ ಕೊಟ್ಟ.

‘ಓದಿ’ ಅಂದಳು.

‘ಇದು ಸುಮ್ಮನೆ ಫಾರ್ಮಾಲಿಟಿ.’

‘ಹನ್ನೆರಡು ಓದಿದ್ದೀರಿ, ಹದಿಮೂರನೆಯದು ಓದ್ಲಿಕ್ಕೆ ಏನು ದಾಡಿ?’

ಮಡಿಕೆ ಬಿಚ್ಚಿ ಓದಿದ. ‘ನನ್ನನ್ನು ಸಂದರ್ಶಿಸಿದ ವ್ಯಕ್ತಿಗೂ ನನಗೂ ರಕ್ತಸಂಬಂಧವಾಗಲಿ, ಕೌಟುಂಬಿಕ ಸಂಬಂಧವಾಗಲಿ ಇರುವುದಿಲ್ಲ.’ ಓದುವಾಗ ಒಂದು ಕಡೆಯೂ ತಡವರಿಸಲಿಲ್ಲ. ವೃತ್ತಿ ಎಂದರೆ ವೃತ್ತಿ. ಅವಳು ಬೈದು ಕಾಗದ ಹರಿದುಹಾಕುತ್ತಾಳೆ ಎಂದು ಕಾದ. ಹರಿದುಹಾಕಲಿ ಎಂದೂ ಒಂದು ಕ್ಷಣ, ಒಂದೇ ಕ್ಷಣ, ಅವನಿಗೆ ಅನಿಸಿತು. ಅವಳು ಪೆನ್ನು ಕೇಳಿ ತೆಗೆದುಕೊಂಡು, ಕನ್ನಡದಲ್ಲಿ ತನ್ನ ಪೂರ್ತಿ ಹೆಸರು, ಒತ್ತು ದೀರ್ಘ ಒಂದೂ ಬಿಡದೆ, ನಿಧಾನಕ್ಕೆ ಬರೆದಳು. ಸಾಕ್ಷಿ ಸಹಿಗೆ ಶ್ರದ್ಧಾಳನ್ನು ಕರೆದವಳೂ ಅವಳೇ. ‘ಕೋಣ್ ಆಹೇತ್ ಹೇ, ಮಾವಶಿ?’ ಎಂದು ಶ್ರದ್ಧಾ ಸಹಿ ಹಾಕುತ್ತ ಕೇಳಿದಳು, ಯಾರು ಇವರು. ‘ಕೋಣೀ ನಾಹೀ’ ಅಂದಳು ರತ್ನಾವತಿ. ‘ಕಂಪನೀಚೇ ಆಹೇತ್.’ ಯಾರೂ ಅಲ್ಲ, ಕಂಪನಿಯವರು.

ಕಾಗದ ಬ್ಯಾಗಿಗೆ ಹೋಯಿತು, ಜಿಪ್ಪು ಎಳೆದಾಯಿತು. ಇನ್ನು ಹೊರಡಬಹುದು. ಆದರೆ ತುಳುವಿನಲ್ಲಿ ಒಂದು ಮಾತು ಹೇಳಿ ಹೊರಡಬೇಕು ಎಂದು ಅವನಿಗೆ ಹಠ ಬಂತು, ಯಾವ ಮಾತು ಎಂದು ಗೊತ್ತಾಗದೆ ಸ್ಟೂಲಿನ ಪಕ್ಕ ನಿಂತೇ ಇದ್ದ. ರತ್ನಾವತಿ ಆಕಳಿಸಿದಳು. ಇನ್ನೊಮ್ಮೆ ಆಕಳಿಸಿದಳು. ನಿದ್ದೆ ಬಂತು ಎಂದುಕೊಂಡ. ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತು, ತುಟಿ ಬಿಳುಚಿತು, ಪೆನ್ನು ಇನ್ನೂ ಅವಳ ಕೈಯಲ್ಲೇ ಇತ್ತು, ಅದು ನೆಲಕ್ಕೆ ಬಿತ್ತು. ಮಷೀನು ಕೂಗತೊಡಗಿತು. ಶ್ರದ್ಧಾ ಓಡಿ ಬಂದಳು, ಮಂಚದ ಕಾಲಿನ ಕಡೆ ಎತ್ತರಿಸಿದಳು, ಸಲೈನಿನ ನಳಿಕೆ ತಿರುಗಿಸಿದಳು, ಕೆನ್ನೆ ತಟ್ಟಿದಳು, ‘ಮಾವಶಿ, ಡೋಳೇ ಉಘಡಾ, ಮಾವಶಿ!’ ಕಣ್ಣು ಬಿಡಿ. ಮೇಲಿನ ಬೀಪಿ ಅರವತ್ತು ಎಂದು ಯಾರೋ ಕೂಗಿದರು. ‘ಘರ್‌ಚಂ ಕೋಣೀ ಆಹೇ ಕಾ?’ ಮನೆಯವರು ಯಾರಾದರೂ ಇದ್ದಾರಾ ಎಂದು ಶ್ರದ್ಧಾ ಇಡೀ ಕೋಣೆಗೆ ಕೇಳಿ, ಎದುರಿಗೇ ನಿಂತಿದ್ದ ಅವನ ಮುಖ ನೋಡಿದಳು. ಆಸ್ಪತ್ರೆಗೆ ಸಾಗಿಸಬೇಕಾದೀತು, ಮನೆಯವರ ಸಹಿ ಬೇಕು. ಅವಳದೇ ಕೈಯ ಸಾಕ್ಷಿ ಸಹಿ ಬ್ಯಾಗಿನಲ್ಲಿತ್ತು, ಅದರ ಶಾಯಿ ಆರಿರಲಿಕ್ಕಿಲ್ಲ. ರತ್ನಾವತಿಯ ಕಣ್ಣು ಅರ್ಧ ತೆರೆದಿತ್ತು, ಅವನ ಕಡೆಗೇ ಇತ್ತು; ಅದು ನೋಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ‘ಮಲಾ ಮಾಹೀತ್ ನಾಹೀ’ ಅಂದ ಜಯಶೀಲ. ನನಗೆ ಗೊತ್ತಿಲ್ಲ.

ಮೆಟ್ಟಿಲು ಇಳಿದದ್ದು, ರಸ್ತೆ ದಾಟಿದ್ದು ನೆನಪಿಲ್ಲ. ಬೂಟಿನ ಲೇಸು ಕಟ್ಟಿರಲಿಲ್ಲ ಎನ್ನುವುದು ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಕಂಡಿತು. ಬಗ್ಗಿ ಕಟ್ಟಿಕೊಂಡ. ಮೂರನೇ ಗಂಟೆಯಲ್ಲಿ ಬೀಪಿ ಇಳಿಯುವುದು ಮಾಮೂಲು, ಎರಡನೇ ಸಂದರ್ಶನದವರೇ ಹೇಳಿದ್ದರು, ಸಲೈನು ಬಿಟ್ಟರೆ ಹತ್ತು ನಿಮಿಷದಲ್ಲಿ ಎದ್ದು ಕೂರುತ್ತಾರೆ. ನಾಲ್ಕೂವರೆಗೆ ಆಫೀಸು, ಒಂದು ಗಂಟೆ ಸಾಕು ಇಂಗ್ಲಿಷ್ ಮಾಡಲು. ಹನ್ನೆರಡನೆಯದು ಒಂದನ್ನು ಸ್ವಲ್ಪ ತಿದ್ದಬೇಕು. ಹೀಗೆ ಲೆಕ್ಕ ಹಾಕುತ್ತಿದ್ದ ಹಾಗೆ ಫೋನು ಬಂತು. ಸುಜನ್.

‘ಮಾಮಾ, ಮಮ್ಮೀ ಕಾ ಬೀಪಿ ಗಿರ್ ಗಯಾ ಹೈ, ಹೋಶ್ ನಹೀಂ ಆ ರಹಾ.’ ಅಮ್ಮನ ಬೀಪಿ ಇಳಿದಿದೆ, ಎಚ್ಚರ ಬರುತ್ತಿಲ್ಲ. ‘ಮೈ ಪುಣೆ ಮೇಂ ಹೂಂ. ಹಾಸ್ಪಿಟಲ್ ಶಿಫ್ಟ್ ಕರ್‌ನಾ ಹೈ, ಬೋಲ್‌ತೇ ಹೈ ಘರ್ ಕಾ ಕೋಯೀ ಆಕೇ ಸೈನ್ ಕರೇ. ಆಪ್ ಕಹಾಂ ಹೋ, ಮಾಮಾ?’ ತಾನು ಪುಣೆಯಲ್ಲಿದ್ದೇನೆ, ಆಸ್ಪತ್ರೆಗೆ ಸಾಗಿಸಲು ಮನೆಯವರೊಬ್ಬರ ಸಹಿ ಬೇಕಂತೆ, ನೀವು ಎಲ್ಲಿದ್ದೀರಿ.

ಹಿಂದಕ್ಕೆ ನಡೆದರೆ ಏಳು ನಿಮಿಷ. ಶ್ರದ್ಧಾ ಕೇಳುತ್ತಾಳೆ, ನೀವು ಕಂಪನಿಯವರಲ್ಲವಾ ಎಂದು. ಆ ಕಾಗದ ವಾಪಸು ಕೇಳುತ್ತಾಳೆ.

‘ನಾನು ಠಾಣೆಯಲ್ಲಿದ್ದೇನೆ ಮಾರಾಯ’ ಅಂದ ಜಯಶೀಲ. ‘ಆಫೀಸಿನಲ್ಲಿ. ಈಗ ಹೊರಟ್ರೂ ಒಂದು ಗಂಟೆ ಬೇಕು.’

ತಲೆಯ ಮೇಲಿನ ಸ್ಪೀಕರು ಗೊರಗೊರ ಎಂದಿತು. ಸಾನಪಾಡಾ ಸ್ಟೇಷನ್ನಿಗೆ ಬರುತ್ತಿರುವ ಗಾಡಿ ಠಾಣೆಗೆ ಹೋಗುತ್ತದೆ ಎಂದು ಅದು ಮರಾಠಿಯಲ್ಲಿ ಹೇಳಿತು. ಜಯಶೀಲ ಫೋನಿಗೆ ಅಂಗೈ ಮುಚ್ಚಿದ. ಅದನ್ನೇ ಹಿಂದಿಯಲ್ಲಿ ಹೇಳಿತು. ಫೋನು ಎದೆಗೆ ಒತ್ತಿ ಹಿಡಿದ. ಅದನ್ನೇ ಇಂಗ್ಲಿಷಿನಲ್ಲಿ, ಬಿಡಿಸಿ ಬಿಡಿಸಿ ಹೇಳಿ ಸುಮ್ಮನಾಯಿತು. ಕಿವಿಗೆ ಹಿಡಿದಾಗ ಆ ಕಡೆ ಸುಜನ್ ಇನ್ನೂ ಇದ್ದ. ಅವನು ಉಸಿರಾಡುವುದು ಕೇಳಿಸುತ್ತಿತ್ತು. ಇಲ್ಲೇ ಹುಟ್ಟಿದ ಹುಡುಗ, ಮೂರೂ ಭಾಷೆ ಚೆನ್ನಾಗಿ ಬರುತ್ತದೆ.

‘ಠೀಕ್ ಹೈ, ಮಾಮಾ’ ಅಂದ ಸುಜನ್. ‘ಸಮಝ್ ಗಯಾ.’ ಅರ್ಥವಾಯಿತು.

ಗಾಡಿ ಬಂತು. ಜಯಶೀಲ ಹತ್ತಿದ.